ಉಸಿರು ಸೋರುವ ದನಿ

“ಪರೀಕ್ಷಕ ಯಾವನೋ ಕಿವುಡ ಇರಬೇಕು,” ಎನ್ನುತ್ತ ಅರ್ಜುನಪ್ಪ ಮೈಕನ್ನು ಧೋತರದ ಅಂಚಿನಿಂದ ಒರೆಸಿದರು. “ನನ್ನ ರೆಕಾರ್ಡಿಂಗ್ ಎರಡ ಸಲ ವಾಪಸ್ ಕಳಿಸ್ಯಾನ. ಜೀವಮಾನೆಲ್ಲಾ ಧ್ವನಿಶಾಸ್ತ್ರ ಕಲಿಸಿದಾಂವ ನಾನು.”

“ಮುಂಜಾನಿಂದ ಆ, ಊ ಅಂತ ಒದರಾಕತ್ತಾರ,” ಗುಡ್ಡವ್ವ ಅಡುಗೆಮನೆಯಿಂದಲೇ ಮಗಳಿಗೆ ಹೇಳಿದಳು. “ಬಾಜೂ ಮನ್ಯಾಕಿ ಕೇಳಿದ್ಲು, ನಿಮ್ಮ ಮನ್ಯಾಗ ಯಾರಿಗ್ರೀ ಹೊಟ್ಟಿನೋವು ಅಂತ.”

ಯಶೋಧರಾ ನಕ್ಕಳು. ಅಪ್ಪನಂತೆ ಅವಳೂ ಭಾಷಾವಿಜ್ಞಾನ ಕಲಿಸುವವಳು. ಗಂಡನ ಮನೆ ಗಬ್ಬೂರಿನಲ್ಲಿ. ರವಿವಾರವೆಂದು ಮಾಳಮಡ್ಡಿಯ ತವರಿಗೆ ಬಂದಿದ್ದಳು.

“ಏನ್ ಕೆಲಸ ಅಪ್ಪಾ ಇದು?”

“ಇಂಟರ್‌ನೆಟ್ಟಿನ್ಯಾಗ ಒಂದೊಂದ ಧ್ವನಿಗೂ ಒಂದೊಂದ ಚಿಹ್ನಿ ಹಾಕಾಕತ್ತಾರ. ಚಿಹ್ನಿ ಒತ್ತಿದ್ರ ಅದರ ಉಚ್ಚಾರ ಕೇಳಬೇಕು. ಆ ದನಿ ನಂದು.”

ಅವಳ ನಗು ನಿಂತಿತು. ಆ ಧ್ವನಿಗಳು ಸರಿಯೋ ತಪ್ಪೋ ಎಂದು ಕೇಳಿ ಹೇಳುವ ಕೆಲಸ ಅವಳಿಗೇ ಬಂದಿತ್ತು. ಉಚ್ಚರಿಸಿದವರು ಯಾರೆಂದು ಪರೀಕ್ಷಕರಿಗೆ, ಪರೀಕ್ಷಕರು ಯಾರೆಂದು ಉಚ್ಚರಿಸಿದವರಿಗೆ ಹೇಳುವ ಪದ್ಧತಿಯಿರಲಿಲ್ಲ. ಮಾತಿಲ್ಲ, ಪದವಿಲ್ಲ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಬರಿಯ ಸದ್ದುಗಳು; ಯಾರ ದನಿಯೆಂದು ಗುರುತು ಸಿಗುವಂತಿರಲಿಲ್ಲ.

“ಏನಂತ ಬರದಾರ ಅವರು?”

“ಉಸಿರು ಸೋರತೈತಂತ. ಸೋರೂದು ನನ್ನ ದನಿ ಅಲ್ಲ, ಆ ಹಳೇ ಮೈಕು. ಅದಕ್ಕ ಹೊಸಾದು ತಂದೆ.” ಅಷ್ಟು ಹೇಳುವುದರಲ್ಲಿ ಕೆಮ್ಮು ಬಂತು. ನೀರು ಕುಡಿದರು.

ಸೀಮೆಸುಣ್ಣದ ಧೂಳು ತಿಂದ ಮಾಸ್ತರರ ಗಂಟಲು ಎಂದು ಮನೆಯವರೆಲ್ಲ ವರ್ಷದಿಂದ ಅಂದುಕೊಂಡಿದ್ದರು. ಫೋನಿನಲ್ಲಿ ಆ ಒಡಕು ದನಿ ಕೇಳಿ ಕೇಳಿ ಅವಳಿಗೂ ಅದೇ ಅಪ್ಪನ ದನಿಯಾಗಿಹೋಗಿತ್ತು.

“ಯಶೂ, ನೀ ಒಮ್ಮೆ ಕೇಳಿ ಹೇಳು. ಹೊಸ ಮೈಕಿನ್ಯಾಗ ಛಲೋ ಬಂದೈತಿ.”

ಹೆಡ್‌ಫೋನ್ ಹಾಕಿಕೊಂಡಳು. ‘ಆ’. ಗಂಟಲು ಪೂರ್ತಿ ಕೂಡದೆ, ನಡುವೆ ಎಲ್ಲೋ ಸಂದಿಯಿಂದ ಗಾಳಿ ನುಗ್ಗಿದಂಥ ದನಿ. ‘ಈ’ಯಲ್ಲೂ ಅದೇ. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಛಲೋ ಐತಿ ಅಂದರೆ ಸಾಕಿತ್ತು. ಕೆಲಸ ಕೊಟ್ಟವರಿಗೂ ಹಾಗೆಯೇ ಬರೆದು ಕಳಿಸಬಹುದಿತ್ತು. ಮತ್ತೆ ಯಾರೂ ಕೇಳುತ್ತಿರಲಿಲ್ಲ.

“ಅಪ್ಪಾ, ಮೈಕ್ ಎರಡೂ ಸರೀನ ಅದಾವ.”

“ಅಂದ್ರ?”

“ಆ ಕಿವುಡಿ ನಾನ. ಎರಡ ಸಲಾನೂ ನಾನ ವಾಪಸ್ ಕಳಿಸಿದ್ದು.” ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. “ನಾಳೆ ದವಾಖಾನಿಗೆ ಹೋಗೂಣು. ಗಂಟಲ ತೋರಿಸೂಣು.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಅರ್ಜುನಪ್ಪ ಹೆಡ್‌ಫೋನ್ ಹಾಕಿಕೊಂಡು ತಮ್ಮ ದನಿಯನ್ನು ತಾವೇ ಕೇಳಿದರು. ಮತ್ತೊಮ್ಮೆ ಕೇಳಿದರು. ಆಮೇಲೆ, ದನಿಯ ಕಂಪನ ತಿಳಿಯಲೆಂದು ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಮಾಡಿಸುತ್ತಿದ್ದಂತೆ, ಎರಡು ಬೆರಳನ್ನು ಗಂಟಲ ಮೇಲಿಟ್ಟು ‘ಆ’ ಅಂದರು. ಬೆರಳನ್ನು ತುಸು ಎಡಕ್ಕೆ ಸರಿಸಿದರು. ಇನ್ನೂ ತುಸು. ಅಲ್ಲಿ ಸಣ್ಣದೊಂದು ಗಂಟಿಗೆ ತಾಗಿ ಬೆರಳು ನಿಂತಿತು.

“ರೊಟ್ಟಿ ಆರತಾವ, ಏಳ್ರಿ,” ಗುಡ್ಡವ್ವ ಬಾಗಿಲಿಗೆ ಬಂದು ಮೆಲ್ಲಗೆ ಅಂದಳು. ಕೈಗೆಲ್ಲ ಹಿಟ್ಟು.

ಅವರು ಬೆರಳು ತೆಗೆಯಲಿಲ್ಲ.