ತಿರುವಿಹಾಕದ ಪಟ್ಟಿ

ವಂಶಿಕೃಷ್ಣ ಬರೆದಿಟ್ಟು ಹೋದ ಪ್ರೋಗ್ರಾಮ್ ತೆರೆದಾಗಲೆಲ್ಲ ನನಗೆ ವಾಕರಿಕೆ ಬರುತ್ತಿತ್ತು. ಓಕ್ಯಾಮಲ್ ಎಂಬ ಕಂಪ್ಯೂಟರ್ ಭಾಷೆ ಇಡೀ ಕೋಲಾರದಲ್ಲಿ ತನಗೊಬ್ಬನಿಗೇ ಬರುತ್ತದೆಂಬ ಜಂಬ ಆ ಮಹಾನುಭಾವನಿಗೆ. ಅದರಲ್ಲೇ ಬರೆದ, ಒಂದು ಸಾಲು ಟಿಪ್ಪಣಿಯನ್ನೂ ಇಡದೆ ಕೆಲಸ ಬಿಟ್ಟ. ಅವನ ಎಂಜಲೆಲೆ ಎತ್ತುವ ಭಾಗ್ಯ ನನ್ನದಾಯಿತು.

ಅದು ೨೦೦೪. ಸರ್ಕಾರ ಬಡವರಿಗೆ ಕೊಡುವ ಮನೆ ಸೈಟಿಗಾಗಿ ಬಂದ ಅರ್ಜಿಗಳ ಪಟ್ಟಿ ಮಾಡುವ ಗುತ್ತಿಗೆ ನಮ್ಮ ಪುಟ್ಟ ಕಂಪ್ಯೂಟರ್ ಸಂಸ್ಥೆಗೆ ಸಿಕ್ಕಿತ್ತು. ಮೊದಲು ಅರ್ಜಿ ಹಾಕಿದವರ ಹೆಸರು ಮೊದಲು ಬರಬೇಕು, ಅಷ್ಟೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಒಂದೊಂದೇ ತಾಲ್ಲೂಕನ್ನು ಕೊಟ್ಟರೆ ಪ್ರೋಗ್ರಾಮ್ ಓಡುತ್ತಿತ್ತು. ನಾಲ್ಕನ್ನೂ ಸೇರಿಸಿ ಅರವತ್ತೊಂದು ಸಾವಿರ ಹೆಸರು ಕೊಟ್ಟರೆ 'ಸ್ಟ್ಯಾಕ್ ಓವರ್‌ಫ್ಲೋ' ಎಂದು ಸಾಯುತ್ತಿತ್ತು.

ಕಾರಣ ತಿಳಿದಾಗ ಮೈಯೆಲ್ಲ ಉರಿಯಿತು. ಅವನ ಫಂಕ್ಷನ್ ಮೊದಲ ಹೆಸರನ್ನು ಕೈಯಲ್ಲಿ ಹಿಡಿದು, ಉಳಿದವರದು ಮುಗಿಯಲಿ ಎಂದು ಕಾಯುತ್ತಿತ್ತು. ಎರಡನೆಯದನ್ನೂ ಹಿಡಿದು ಕಾಯುತ್ತಿತ್ತು. ಹೀಗೆ ಸಾವಿರಾರು ಕೆಲಸ ಅರ್ಧಕ್ಕೆ ನಿಂತರೆ ಮೆಮೊರಿ ಎಲ್ಲಿ ಸಾಲುತ್ತದೆ? ನಾನು ಅದನ್ನು ಟೇಲ್ ರಿಕರ್ಶನ್ ಎಂಬ ಕ್ರಮಕ್ಕೆ ಬದಲಿಸಿದೆ. ಒಂದು ಹೆಸರಿನ ಕೆಲಸ ಮುಗಿಸು, ಹೊಸ ಪಟ್ಟಿಗೆ ಹಾಕು, ಮುಂದೆ ಹೋಗು, ಹಿಂದೆ ಏನನ್ನೂ ಉಳಿಸಬೇಡ. ಅರವತ್ತೊಂದು ಸಾವಿರ ಹೆಸರು ಒಳಗೆ ಹೋದವು, ಅಷ್ಟೂ ಹೊರಗೆ ಬಂದವು. ಲೆಕ್ಕ ಸರಿಹೋಯಿತೆಂದು ಬೀಗುತ್ತಾ ಶನಿವಾರ ಪ್ರಿಂಟ್ ಕೊಟ್ಟು, ಮುಳಬಾಗಿಲಿನ ಬಸ್ಸು ಹತ್ತಿ ಮನೆಗೆ ಹೋದೆ.

ಸೋಮವಾರ ಪಟ್ಟಿ ತಾಲ್ಲೂಕು ಕಚೇರಿಗಳ ಗೋಡೆಯ ಮೇಲಿತ್ತು. ಮೊದಲ ಮುನ್ನೂರು ಮಂದಿಗೆ ಶುಕ್ರವಾರ ಹಕ್ಕುಪತ್ರ. ನಮ್ಮಲ್ಲಿದ್ದ ಪ್ರತಿಯನ್ನು ಸುಮ್ಮನೆ ತಿರುವಿದೆ. ಮೊದಲ ಪುಟದ ತುಂಬ ಕಳೆದ ತಿಂಗಳು ಅರ್ಜಿ ಹಾಕಿದವರು. ೧೯೯೩ರವರು ಕಟ್ಟಕಡೆಯ ಪುಟದಲ್ಲಿ! ಬುಟ್ಟಿಗೆ ಮೊದಲು ಹಾಕಿದ ಮಾವಿನಕಾಯಿ ತಳ ಸೇರುವ ಹಾಗೆ, ಈ ರೀತಿ ಕಟ್ಟಿದ ಪಟ್ಟಿಯಲ್ಲಿ ಮೊದಲ ಹೆಸರು ತಳಕ್ಕೆ ಹೋಗುತ್ತದೆ. ಕೊನೆಗೊಮ್ಮೆ ಇಡೀ ಪಟ್ಟಿಯನ್ನು ತಲೆಕೆಳಗಾಗಿ ತಿರುವಿಹಾಕಬೇಕು. ಅದಕ್ಕೆ ಒಂದೇ ಒಂದು ಪದ ಸಾಕು, ನಾನು ಅದನ್ನೇ ಬರೆದಿರಲಿಲ್ಲ. ವಂಶಿಕೃಷ್ಣನ ಕೊಳಕು ಪ್ರೋಗ್ರಾಮಾದರೂ ಯಾರ ಸರದಿಯನ್ನೂ ತಪ್ಪಿಸಿರಲಿಲ್ಲ.

ಓಡಿಹೋಗಿ ನಮ್ಮ ಮಾಲೀಕ ರಾಮಚಂದ್ರರಿಗೆ ಹೇಳಿದೆ, ಅರ್ಧ ನಿಮಿಷದ ಕೆಲಸ ಎಂದೆ. ಅವರು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡೇ ಕೇಳಿಸಿಕೊಂಡರು. ಸಹಿ, ಸೀಲು ಎಲ್ಲ ಆಗಿದೆಯಂತೆ, ಈಗ ತಪ್ಪೊಪ್ಪಿಕೊಂಡರೆ ಮುಂದಿನ ಗುತ್ತಿಗೆ ಕೈತಪ್ಪುತ್ತದಂತೆ.

"ಹಳಬರು ಹತ್ತು ವರ್ಷ ಕಾದಿದಾರೆ, ಇನ್ನೊಂದು ವರ್ಷ ಕಾಯ್ತಾರೆ ಬಿಡಮ್ಮ" ಎಂದು ಕಡ್ಡಿಯ ತುದಿಯನ್ನು ನೋಡಿ ನೆಲಕ್ಕೆ ಎಸೆದರು.

ಥೂ ಎನ್ನಿಸಿತು. ಎನ್ನಿಸಿತಷ್ಟೇ, ಅನ್ನಲಿಲ್ಲ. ನನಗೆ ಕೆಲಸ ಬೇಕಿತ್ತು. ಮಂಗಳವಾರವೂ ಬುಧವಾರವೂ ಬಾಯಿ ಬಿಡದೆ ಕೂತೆ.

ಗುರುವಾರ ವೇಮಗಲ್‌ನಿಂದ ಕದಿರಮ್ಮ ಎಂಬ ಮುದುಕಿ ಬಂದರು. ಮಗಳ ಜೊತೆ ಬಾಡಿಗೆಯ ಶೀಟಿನ ಕೋಣೆಯಲ್ಲಿ ವಾಸ. ೧೯೯೩ರಲ್ಲಿ ಹಾಕಿದ ಅರ್ಜಿ, ರಸೀದಿಯ ಮೇಲೆ ನಾಲ್ಕನೇ ನಂಬರು. ಪಟ್ಟಿಯಲ್ಲಿ ಮಾತ್ರ ಕೆಳಗಿನಿಂದ ನಾಲ್ಕನೆಯವರು. ಕಂಪ್ಯೂಟರಿನವರನ್ನೇ ಕೇಳಿ ಎಂದು ತಾಲ್ಲೂಕು ಕಚೇರಿಯಲ್ಲಿ ಸಾಗಹಾಕಿದ್ದರಂತೆ. ನನ್ನ ಮೇಜಿನ ಮುಂದೆ ನಿಂತು ರಸೀದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬರೆದೋರು ಮನುಷ್ರಾಗಿದ್ರೆ ಜಗಳ ಆಡ್ತಿದ್ದೆ ಅಮ್ಮಣ್ಣಿ. ಕಂಪ್ಯೂಟ್ರು ಹೇಳಿದ್ಮೇಲೆ ಯಾರತ್ರ ಆಡೋದು?"

ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕಂಪ್ಯೂಟರ್ ಅಲ್ಲ ಅಜ್ಜಿ, ನಾನೇ ತಪ್ಪು ಮಾಡಿದ್ದು. ನಿಮ್ಮ ಹೆಸರು ನಿಜಕ್ಕೂ ನಾಲ್ಕನೇದೇ."

"ನಿಂಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ."

ಕದಿರಮ್ಮ ಬೆರಳು ಮಡಚಿ ದಿನ ಎಣಿಸಿದರು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಬೀದಿಯುದ್ದಕ್ಕೂ ಎಳೆದುಕೊಂಡೇ ನಡೆದರು. ತಾಲ್ಲೂಕು ಕಚೇರಿಯ ಗೋಡೆಯ ಮುಂದೆ ಐವತ್ತು ಅರವತ್ತು ಜನ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದರು. ನನ್ನನ್ನು ಅವರ ನಡುವೆ ನಿಲ್ಲಿಸಿ ರಟ್ಟೆ ಬಿಟ್ಟರು.

"ನಂಗೆ ಹೇಳ್ದಲ್ಲ, ಇವ್ರಿಗೂ ಹೇಳು."

ಪಟ್ಟಿಗೆ ಬೆನ್ನು ಹಾಕಿ ನಿಂತೆ. ಹೇಳಿದೆ.