ಸಲಾಲಾದಲ್ಲಿ ನೀರ್‌ದೋಸೆ

"ಅಮ್ಮ, ನೋಡು, ನೀರ್‌ದೋಸೆ! ಸಲಾಲಾದಲ್ಲಿ ನೀರ್‌ದೋಸೆ!" ಎಂದು ಸೌಮ್ಯಶ್ರೀ ತಟ್ಟೆಯನ್ನು ತಾಯಿಯ ಕಡೆಗೆ ಸರಿಸಿದಳು.

ವಾರಿಜಾಕ್ಷಿ ದೋಸೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ದಪ್ಪ. ಅಕ್ಕಿ ನೆನೆದದ್ದು ಸಾಲದು, ಕಾವಲಿಯೂ ಸರಿಯಾಗಿ ಕಾದಿಲ್ಲ. ಊರಲ್ಲಿ, ಹಳೆಯಂಗಡಿಯ ಬಸ್‌ಸ್ಟ್ಯಾಂಡಿನ ಎದುರು ಹನ್ನೊಂದು ವರ್ಷ ನಾಲ್ಕು ಮೇಜಿನ ಹೋಟೆಲು ನಡೆಸಿದವರಿಗೆ ಇಷ್ಟು ತಿಳಿಯಲು ಅದನ್ನು ಬಾಯಿಗೆ ಹಾಕಿಕೊಳ್ಳಬೇಕಾಗಿರಲಿಲ್ಲ. ಅಲ್ಲಿ ಬೆಳಗಿನ ಮೊದಲ ಬಸ್ಸಿನವನು ಹಾರನ್ ಹೊಡೆದನೆಂದರೆ ದೋಸೆ ಕಟ್ಟಿ ಕೈಗೆ ಕೊಡಬೇಕು. ಗಂಡ ತೀರಿಕೊಂಡ ಮೇಲೆ ಜನ 'ಅಯ್ಯೋ ಪಾಪ' ಎನ್ನುವುದನ್ನು ಬಿಟ್ಟು 'ವಾರಿಜಕ್ಕ' ಎಂದು ಕರೆಯತೊಡಗಿದ್ದು ಆ ಹೋಟೆಲಿನ ದೆಸೆಯಿಂದಲೇ.

"ಚೆನ್ನಾಗುಂಟು," ಎಂದರು. ಮಗಳ ಖುಷಿಗೆ ತಣ್ಣೀರೆರಚುವುದು ಬೇಡವೆನಿಸಿತು.

ಮಗಳು ಆಫೀಸಿಗೆ ಮರಳಬೇಕೆಂದು ಮೊಮ್ಮಗಳನ್ನು ನೋಡಿಕೊಳ್ಳಲು ಮಸ್ಕತ್ತಿಗೆ ಬಂದು ಮೂರು ತಿಂಗಳಾಗುತ್ತಾ ಬಂದಿತ್ತು. ಅಲ್ಲಿನ ಅಲ್ ಗುಬ್ರಾ ಬಡಾವಣೆಯಲ್ಲಿ, ಮಗಳ ಮನೆಯ ಐದನೇ ಮಹಡಿಯಲ್ಲಿ ಕೂತು ಅವರು ದಿನ ಎಣಿಸುತ್ತಿದ್ದರು. ಮುಂದಿನ ಗುರುವಾರ ವಿಮಾನ. ಅದಕ್ಕೆ ಮೊದಲು ಅಮ್ಮನಿಗೊಂದು ಪ್ರವಾಸ ಎಂದು ಮಗಳೂ ಅಳಿಯ ಲಕ್ಷಿತನೂ ರಜೆ ಹಾಕಿ, ಹಗಲಿಡೀ ಮರಳುಗಾಡಿನಲ್ಲಿ ಕಾರು ಓಡಿಸಿ, ಆ ದೇಶದ ದಕ್ಷಿಣ ತುದಿಯಲ್ಲಿ ಮಳೆ ಬೀಳುವ ಈ ಸಲಾಲಾಕ್ಕೆ ಕರೆತಂದಿದ್ದರು.

ಈ ಹೋಟೆಲಿನಲ್ಲಿ ಸಂಸಾರಸ್ಥರಿಗೆಂದು ಹಲಗೆ ಅಡ್ಡಗಟ್ಟಿ ಪರದೆ ಬಿಟ್ಟ ಗೂಡಿನಂಥ ಕೋಣೆಗಳಿದ್ದವು. ಹಿರಿಯರೆಂದು ವಾರಿಜಾಕ್ಷಿಗೆ ಗೋಡೆಯ ಬದಿ ಕೊಟ್ಟಿದ್ದರು. ಪಕ್ಕದಲ್ಲಿ ಮಗಳು, ಎದುರಿಗೆ ಅಳಿಯ, ಬಾಗಿಲಿಗೆ ಅಡ್ಡವಾಗಿ ಪುಟ್ಟ ಪ್ರೇರಣಾ ಮಲಗಿದ್ದ ಗಾಡಿ. ಕೈ ತೊಳೆಯಲು ಹೋಗಬೇಕೆಂದರೂ ಎಲ್ಲರನ್ನೂ ಎಬ್ಬಿಸಬೇಕು.

"ಹೊರಗೆ ನೋಡಿದ್ರಾ ಮಾಮಿ? ಮಳೆ, ತೆಂಗು, ಬಾಳೆ. ನಮ್ಮ ಊರೇ ಅಲ್ವಾ?" ಎಂದ ಲಕ್ಷಿತ್. "ಇನ್ನು ಅಲ್ಲಿ ಬೇರೆ ಎಂತ ಉಂಟು ಹೇಳಿ."

"ನನ್ನ ಕಾವಲಿ ಉಂಟಲ್ಲ," ಎಂದು ವಾರಿಜಾಕ್ಷಿ ನಕ್ಕರು. "ಶುಕ್ರವಾರ ಗುಡಿಸಿ ಒರೆಸಿದ್ರೆ ಶನಿವಾರ ಬೆಳಿಗ್ಗೆ ಬಾಗಿಲು ತೆಗೀಬಹುದು."

ಗಂಡ ಹೆಂಡತಿ ಮುಖ ನೋಡಿಕೊಂಡರು. ಯಾರು ಹೇಳಬೇಕೆಂದು ಮನೆಯಲ್ಲೇ ಮಾತಾಗಿತ್ತೆಂದು ತೋರುತ್ತದೆ. ಅವನು ಸಾಂಬಾರಿನ ಬಟ್ಟಲಿಗೆ ತಲೆ ಬಗ್ಗಿಸಿದ.

"ಅಮ್ಮ, ಟಿಕೆಟ್ ಕ್ಯಾನ್ಸಲ್ ಮಾಡಿದ್ದೇವೆ," ಎಂದಳು ಸೌಮ್ಯಶ್ರೀ. "ವೀಸಾದ ಕೆಲಸ ಇವ್ರ ಆಫೀಸಿನವ್ರು ನೋಡ್ತಿದ್ದಾರೆ. ನಿನ್ನ ಪಾಸ್‌ಪೋರ್ಟ್ ಅವ್ರ ಹತ್ರ ಉಂಟು. ನೀನು ಇನ್ನು ನಮ್ಮ ಜೊತೆಯೇ."

"ಹೋಟೆಲು?"

"ಶಾಫಿಯವ್ರಿಗೆ ಫೋನ್ ಮಾಡಿ ಬಾಡಿಗೆ ಕೋಣೆ ಬಿಟ್ಟುಕೊಟ್ಟಿದ್ದೇನೆ." ಸೌಮ್ಯಶ್ರೀಯ ಕಣ್ಣು ತುಂಬಿತು. "ಮೊಣಗಂಟು ನೋವು, ನಾಲ್ಕು ಗಂಟೆಗೆ ಏಳ್ಲಿಕ್ಕೆ ಆಗುದಿಲ್ಲ ಅಂತ ದಿನಾ ಹೇಳ್ತಿದ್ದದ್ದು ನೀನೇ ಅಲ್ವಾ? ಇಲ್ಲಿ ಕೂತು ಅದನ್ನು ಕೇಳುವಾಗ ನನಗೆ ಹೇಗೆ ಆಗ್ತಿತ್ತು ಗೊತ್ತುಂಟಾ?"

ಹೇಳಿದ್ದು ಹೌದು. ದುಡಿಯುವವರು ಮೈಕೈ ನೋವು ಹೇಳಿಕೊಳ್ಳುವುದರಲ್ಲಿ ಒಂದಿಷ್ಟು ಜಂಬವೂ ಇರುತ್ತದೆ. ಮಗಳು ಅದನ್ನು ನಿಜವಾದ ಸಂಕಟವೆಂದು ಮನಸ್ಸಿಗೆ ಹಚ್ಚಿಕೊಂಡಾಳೆಂದು ವಾರಿಜಾಕ್ಷಿಗೆ ಹೊಳೆದೇ ಇರಲಿಲ್ಲ. ಅವರು ಚೀಲದಿಂದ ಫೋನು ತೆಗೆದು ಕಟ್ಟಡದ ಮಾಲೀಕ ಶಾಫಿಗೆ ಹಚ್ಚಿದರು.

"ನೀವೇ ಒಂದು ಮಾತು ಹೇಳಿದ್ರೆ ಕೋಣೆ ಇಟ್ಕೊಳ್ತಿದ್ದೆ ವಾರಿಜಕ್ಕ," ಎಂದಿತು ಆ ಕಡೆಯ ಧ್ವನಿ. "ಅಮ್ಮ ಇನ್ನು ಬರುದಿಲ್ಲ ಅಂತ ಮಗಳು ಹೇಳಿದ್ರು. ಈಗ ಮೊಬೈಲ್ ಅಂಗಡಿಯವ ಬಂದಿದ್ದಾನೆ. ಮೊನ್ನೆ ಒಲೆಕಟ್ಟೆ ಒಡೆದಾಯ್ತು. ಪಾತ್ರೆ ಎಲ್ಲ ಗೋಣಿಯಲ್ಲಿ ಕಟ್ಟಿ ಶೆಡ್ಡಿನಲ್ಲಿ ಇಟ್ಟಿದ್ದೇನೆ."

ಫೋನನ್ನು ಚೀಲಕ್ಕೆ ತುರುಕಿ ಅವರು ಮಗಳ ಕಡೆ ತಿರುಗಿದರು.

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ ಸೌಮ್ಯಾ?"

"ಕೇಳಿದ್ರೆ ನೀನು ಒಪ್ತಿದ್ದೆಯಾ?"

"ಏಳು. ನನಗೆ ಹೊರಗೆ ಹೋಗ್ಬೇಕು."

"ಎಲ್ಲಿಗೆ ಅಮ್ಮ?"

ವಾರಿಜಾಕ್ಷಿ ಅರ್ಧ ಎದ್ದು ನಿಂತರು. ಮಸ್ಕತ್ತಿಗೇ ಇಲ್ಲಿಂದ ಸಾವಿರ ಕಿಲೋಮೀಟರ್. ಅಲ್ಲಿ ಯಾವ ಆಫೀಸಿನ ಯಾವ ಮೇಜಿನಲ್ಲಿ ಪಾಸ್‌ಪೋರ್ಟ್ ಇದೆಯೋ ಅವರಿಗೆ ಗೊತ್ತಿರಲಿಲ್ಲ. ಅದು ಸಿಕ್ಕಿ, ಊರು ತಲುಪಿದರೂ ಬೆಳಿಗ್ಗೆ ಎದ್ದು ಹೋಗುವುದೆಲ್ಲಿಗೆ?

ಗಾಡಿಯಲ್ಲಿ ಮಗು ಬೆಚ್ಚಿಬಿದ್ದು ಕಿರುಚತೊಡಗಿತು. ಲಕ್ಷಿತ್ ಎತ್ತಿಕೊಂಡು ಕುಣಿಸಿದ, ಸೌಮ್ಯಶ್ರೀ ಬಾಟಲಿ ಕೊಟ್ಟಳು. ಯಾವುದಕ್ಕೂ ಬಗ್ಗಲಿಲ್ಲ. ಅಜ್ಜಿಯ ಕಡೆಗೇ ಕೈ ಚಾಚಿ ಅಳುತ್ತಿತ್ತು. ವಾರಿಜಾಕ್ಷಿ ಕುಳಿತು ಮಗುವನ್ನು ತೆಗೆದುಕೊಂಡರು. ಎದೆಗೊರಗಿದ ಪ್ರೇರಣಾ ಬಿಕ್ಕುತ್ತ ಬಿಕ್ಕುತ್ತ ನಿದ್ದೆಹೋದಳು.

"ನೋಡು, ನಿನ್ನ ಹತ್ರ ಮಾತ್ರ," ಎಂದಳು ಸೌಮ್ಯಶ್ರೀ ಕಣ್ಣೊರೆಸಿಕೊಳ್ಳುತ್ತ. ತಾಯಿಯ ಎರಡೂ ಕೈ ಮಗುವಿನಡಿಯಲ್ಲಿ ಸಿಕ್ಕಿಕೊಂಡಿದ್ದವು. ಅವಳು ದೋಸೆ ಮುರಿದು, ಚಟ್ನಿಯಲ್ಲಿ ಅದ್ದಿ, ಕೆಳಗೆ ಚೆಲ್ಲದಂತೆ ಇನ್ನೊಂದು ಅಂಗೈ ಹಿಡಿದು ತಾಯಿಯ ತುಟಿಯ ಹತ್ತಿರ ತಂದಳು.

"ತಣ್ಣಗಾಗ್ತದೆ ಅಮ್ಮ. ಬಾಯಿ ಆ ಮಾಡು."

ಮಗು ಏಳದ ಹಾಗೆ ಮೆಲ್ಲಗೆ ಮುಂದೆ ಬಾಗಿ, ವಾರಿಜಾಕ್ಷಿ ಬಾಯಿ ತೆರೆದರು.