ಯೂಲಿಯಸ್ ಚಾಚಿದ ಕೈ

ಬಹ್ರೇನಿನ ಬುದಯ್ಯ ಎಂಬಲ್ಲಿನ ವಿಲ್ಲಾವೊಂದರಲ್ಲಿ ಸ್ಟೆಲ್ಲಾ ನೋಡಿಕೊಳ್ಳುತ್ತಿದ್ದ ರೈನ್‌ಹೋಲ್ಡ್ ಅವರಿಗೆ ತೊಂಬತ್ತೈದು ವರ್ಷ. ಮನೆಮಾತು ಜರ್ಮನ್, ಆದರೆ ಜರ್ಮನಿಯನ್ನು ಅವರು ಒಮ್ಮೆಯೂ ಕಂಡವರಲ್ಲ. ಹುಟ್ಟಿದ್ದು ದಕ್ಷಿಣ ಬ್ರೆಜಿಲ್‌ನ ಒಂದು ಹಳ್ಳಿಯಲ್ಲಿ. ಮುತ್ತಜ್ಜಂದಿರು ಜರ್ಮನಿಯಿಂದ ಹಡಗಿನಲ್ಲಿ ಬಂದು, ಕಾಡು ಕಡಿದು, ನದಿಯ ದಂಡೆಯಲ್ಲಿ ಕಟ್ಟಿದ ಊರದು. ಮಗಳು ಇಂಗ್ರಿಡ್ ಇಲ್ಲಿನ ಶಾಲೆಯೊಂದರಲ್ಲಿ ಟೀಚರ್. ತಂದೆ ಒಂಟಿಯಾದ ಮೇಲೆ ಇಲ್ಲಿಗೆ ಕರೆತಂದಿದ್ದಳು. ಹಗಲು ಅವರ ಜೊತೆಗಿರುವುದು ಕರಾವಳಿಯ ಶಿರ್ವ ಕಡೆಯ ನರ್ಸ್ ಸ್ಟೆಲ್ಲಾ.

ಒಂದು ಬೆಳಿಗ್ಗೆ ಅವಳು ಅವರ ಗಡ್ಡ ತೆಗೆಯುತ್ತಿದ್ದಳು. ಊರಿಗೆ ಹೋಗದೆ ಮೂರು ವರ್ಷ ಆಯ್ತು ಎಂದು ಅವಳು ಅಂದದ್ದಷ್ಟೇ, ಅವರು ಮಾತು ಶುರುಮಾಡಿದರು.

"ನಮ್ಮ ಹಳ್ಳಿಯಲ್ಲಿ ಎಲ್ಲರೂ ಕಾಣದ ಊರಿಗಾಗಿ ಹಂಬಲಿಸುತ್ತಿದ್ದರು. ನನ್ನ ಅಜ್ಜಿ ತಾನು ಮುಟ್ಟಿಯೂ ನೋಡದ ಹಿಮದ ಬಗ್ಗೆ ಹಾಡುತ್ತಿದ್ದಳು. ಜರ್ಮನಿಯಿಂದ ಬಂದ ಹೊಸ ಮೇಷ್ಟ್ರು ಆ ಹಂಬಲಕ್ಕೇ ಕೈ ಹಾಕಿದ."

ಮೇಷ್ಟ್ರು ಶಾಲೆಯ ಗೋಡೆಗೆ ಹಿಟ್ಲರನ ಪಟ ಹಾಕಿದ. ಬಲಗೈ ಮುಂದೆ ಚಾಚಿ ನಮಸ್ಕರಿಸುವುದನ್ನು ಮಕ್ಕಳಿಗೆ ಕಲಿಸಿದ. ನೀವು ಹುಟ್ಟಿದ್ದು ಎಲ್ಲಾದರೂ ನಿಮ್ಮ ರಕ್ತ ಜರ್ಮನಿಯದು ಎಂದ. ಹಾಡಿಗೆಂದು ಸೇರುತ್ತಿದ್ದ ಗಂಡಸರು ಭಾಷಣಕ್ಕೆ ಸೇರತೊಡಗಿದರು. ಊರಿನಲ್ಲಿ ಇದ್ದದ್ದು ಒಂದೇ ಯಹೂದಿ ಮನೆ, ಬಟ್ಟೆ ಮತ್ತು ಸೀಮೆಎಣ್ಣೆ ಮಾರುವ ಅಂಗಡಿಯವರದ್ದು. ಅವರ ಹತ್ತಿರ ಯಾರೂ ಏನನ್ನೂ ಕೊಳ್ಳಬಾರದೆಂದು ತೀರ್ಮಾನವಾಯಿತು.

"ಆ ಮನೆಯ ಹುಡುಗ ಯೂಲಿಯಸ್ ನನ್ನ ಜೀವದ ಗೆಳೆಯ. ಯಾರ್ಯಾರು ಒಳಗೆ ಹೋಗುತ್ತಾರೆ ಬರೆದು ತಾ ಅಂತ ಮೇಷ್ಟ್ರು ನನ್ನನ್ನೇ ಅಂಗಡಿಯೆದುರು ನಿಲ್ಲಿಸಿದ. ನಾನು ಬರೆದೆ. ಅಜ್ಜಿಯ ಹೆಸರನ್ನೂ ಬರೆದೆ. ಮುಂದಿನ ಭಾನುವಾರ ಇಗರ್ಜಿಯಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ."

ವರ್ಷ ತುಂಬುವುದರೊಳಗೆ ಆ ಮನೆಯವರು ಸಾಮಾನು ಗಾಡಿಗೆ ಹೇರಿ ಊರು ಬಿಟ್ಟರು. ಗಾಡಿಯ ಮೇಲಿಂದ ಯೂಲಿಯಸ್ ಕೈ ಚಾಚಿದ. ರೈನ್‌ಹೋಲ್ಡ್ ಹಿಡಿಯಲಿಲ್ಲ. ಕಲಿತಂತೆ ತನ್ನ ಕೈಯನ್ನು ನೆಟ್ಟಗೆ ಎತ್ತಿದ.

ಸ್ಟೆಲ್ಲಾಳ ಕೈಯಲ್ಲಿದ್ದ ರೇಜರ್ ನಿಂತಿತು. ಉಳಿದ ಅರ್ಧ ಕೆನ್ನೆಯನ್ನು ಬೇಗ ಬೇಗ ಮುಗಿಸಿದಳು. ಸಂಜೆ ಹೊರಡುವಾಗ ಹೇಳಿಯೂ ಹೋಗಲಿಲ್ಲ.

ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುವ ಗಂಡ ಆಲ್ಫೋನ್ಸ್ ಕಾರಿನಲ್ಲಿ ಎಲ್ಲ ಕೇಳಿಸಿಕೊಂಡ.

"ಏಳು ವರ್ಷದ ಮಗು ಮಾರಾಯ್ತಿ. ಅದಕ್ಕೆ ಎಂತ ಗೊತ್ತುಂಟು?"

"ಗೊತ್ತಿತ್ತಂತೆ. ಯೂಲಿಯಸ್‌ನ ಮುಖ ಸಣ್ಣ ಆದದ್ದು ಕಂಡಿತಂತೆ. ಆದ್ರೂ ಕೈ ಇಳಿಸ್ಲಿಲ್ಲಂತೆ."

ಆಲ್ಫೋನ್ಸ್ ರೇಡಿಯೊ ಆಫ್ ಮಾಡಿದ.

ಎರಡು ದಿನ ಅವಳು ಮದ್ದು ಕೊಟ್ಟಳು, ಊಟ ಕೊಟ್ಟಳು, ಅಷ್ಟೇ. ಮೂರನೆಯ ದಿನ ತಡೆಯಲಾರದೆ ಕೇಳಿದಳು: "ಸರ್, ಮತ್ತೆ ಅವರನ್ನು ಹುಡುಕ್ಲಿಲ್ವಾ ನೀವು?"

"ಇಲ್ಲ. ಸಿಕ್ಕಿಬಿಟ್ಟರೆ ಅಂತ ಹೆದರಿಕೆ." ಅವರು ಕಿಟಕಿಯಾಚೆಯ ಖರ್ಜೂರದ ಮರಗಳನ್ನೇ ನೋಡುತ್ತಿದ್ದರು. "ಆದರೆ ದಿನಾ ನೆನೆಯುತ್ತೇನೆ. ನಾವಿಬ್ಬರೂ ಆ ನದಿಯಲ್ಲಿ ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದೆವು."

ಸ್ಟೆಲ್ಲಾ ಇಂಗ್ರಿಡ್‌ಗೆ ಹೇಳಿದಳು. ಇಂಗ್ರಿಡ್‌ಗೆ ಈ ಕತೆಯೇ ಗೊತ್ತಿರಲಿಲ್ಲ. ಅತ್ತಳು, ಆಮೇಲೆ ಹುಡುಕಲು ಕುಳಿತಳು. ಎರಡು ವಾರದ ಮೇಲೆ ಫೇಸ್‌ಬುಕ್ಕಿನಲ್ಲಿ ಆ ಮನೆಯ ಮೊಮ್ಮಗಳೊಬ್ಬಳು ಸಿಕ್ಕಿದಳು. ಯೂಲಿಯಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನ ತಂಗಿ ಹನ್ನಾ ಬದುಕಿದ್ದಳು, ತೊಂಬತ್ಮೂರು ವರ್ಷ.

ಒಂದು ಗುರುವಾರ ಮಧ್ಯಾಹ್ನ ವಿಡಿಯೊ ಕಾಲ್ ಕನೆಕ್ಟ್ ಆಯಿತು. ಇಬ್ಬರೂ ತಮ್ಮ ಹಳ್ಳಿಯ ಜರ್ಮನ್‌ನಲ್ಲಿ ಮಾತಾಡಿದರು; ಇಂಗ್ರಿಡ್ ಮೆಲ್ಲಗೆ ಸ್ಟೆಲ್ಲಾಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ನಿನ್ನ ಅಜ್ಜಿ ಆಮೇಲೂ ಹಿಂಬಾಗಿಲಿಂದ ಮೊಟ್ಟೆ ತಂದುಕೊಡುತ್ತಿದ್ದಳು," ಅಂದಳು ಹನ್ನಾ. "ಅಣ್ಣ ಬಹಳ ವರ್ಷ ನಿನ್ನ ಬಗ್ಗೆ ಕೇಳುತ್ತಿದ್ದ. ಆ ಕಡೆಯವರು ಯಾರು ಸಿಕ್ಕಿದರೂ ಕೇಳುತ್ತಿದ್ದ. ಆಮೇಲೆ ಬಿಟ್ಟುಬಿಟ್ಟ."

ರೈನ್‌ಹೋಲ್ಡ್ ಪರದೆಯ ಹತ್ತಿರಕ್ಕೆ ಬಾಗಿದರು. "ಹನ್ನಾ, ನನ್ನನ್ನು ಕ್ಷಮಿಸು."

"ಅದನ್ನು ನೀನು ಕೇಳಬೇಕಾದದ್ದು ನನ್ನ ಹತ್ತಿರ ಅಲ್ಲ," ಅಂದಳು ಹನ್ನಾ. ದನಿಯಲ್ಲಿ ಸಿಟ್ಟಿರಲಿಲ್ಲ, ಮೆದುವೂ ಇರಲಿಲ್ಲ. ಮತ್ತೆ ಮುಂದುವರಿಸಿದಳು: "ಮುಂದಿನ ಗುರುವಾರವೂ ಫೋನ್ ಮಾಡು. ಈ ಭಾಷೆಯಲ್ಲಿ ಮಾತಾಡುವವರು ನನಗೂ ಈಗ ಯಾರೂ ಉಳಿದಿಲ್ಲ."

ಪರದೆ ಕಪ್ಪಾಯಿತು. ಇಂಗ್ರಿಡ್ ಒಳಗೆ ಹೋದಳು. ಮುದುಕರು ಸದ್ದಿಲ್ಲದೆ ಅಳುತ್ತಿದ್ದರು. ಸ್ಟೆಲ್ಲಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಹೊರಗೆ ಆಲ್ಫೋನ್ಸ್‌ನ ಕಾರಿನ ಹಾರ್ನ್ ಎರಡು ಸಲ ಕೇಳಿತು. "ಸ್ವಲ್ಪ ಕಾಯಿರಿ" ಎಂದು ಮೆಸೇಜು ಹಾಕಿ ಅವಳು ಅಲ್ಲೇ ಕುಳಿತಳು.